ಮೂರನೇ ಕೂಗಿನ ತನಕ

ನಾನು ಪಾಠ ಮಾಡುವ ಸ್ನಾತಕೋತ್ತರ ಕೇಂದ್ರ ಸಿಂಧನೂರಿನ ಹೊರಗೆ, ಭತ್ತದ ಗದ್ದೆಗಳ ನಡುವೆ ಇದೆ. ಇತಿಹಾಸ ವಿಭಾಗ ಎಂದರೆ ಒಂದು ಕೋಣೆ, ಎರಡು ಬೀರು, ಬೆರಳೆಣಿಕೆಯ ವಿದ್ಯಾರ್ಥಿಗಳು ಮತ್ತು ಅತಿಥಿ ಉಪನ್ಯಾಸಕಿಯಾದ ನಾನು. ಬೆಳಿಗ್ಗೆ ಲಿಂಗಸುಗೂರು, ಮಸ್ಕಿ ಕಡೆಯ ಬಸ್ಸಿಳಿದು ಹುಡುಗರು ಬರುವಾಗ ಸ್ವಲ್ಪ ಗದ್ದಲ ಇರುತ್ತದೆ. ಮಧ್ಯಾಹ್ನ ಕೂಲಿಯವರು ನೆರಳು ಸೇರಿದ ಮೇಲೆ ಗದ್ದೆ, ಕಾಲುವೆ, ನಮ್ಮ ಕಟ್ಟಡ ಎಲ್ಲವೂ ಉಸಿರು ಬಿಗಿಹಿಡಿದಂತೆ ಸುಮ್ಮನಾಗುತ್ತವೆ. ಆ ಹೊತ್ತು ನನಗೆ ಮೊದಲಿನಿಂದಲೂ ಸೇರದು.

ಗುರುಗುಂಟಾದಿಂದ ಬಂದ ಹುಡುಗಿಯೊಬ್ಬಳು ಆ ವರ್ಷ ಎಂ.ಎ. ಸೇರಿದ್ದಳು. ಓದಿನಲ್ಲಿ ಚುರುಕು, ಬರವಣಿಗೆ ಚೊಕ್ಕ. ಆದರೆ ಹಾಜರಿ ಕೂಗಿದರೆ ಬಾಯಿ ಬಿಡುತ್ತಿರಲಿಲ್ಲ. ಎದುರಿಗೇ ಕೂತು ನನ್ನನ್ನೇ ನೋಡುತ್ತಿದ್ದಳು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಒಂದು ದಿನ ತಡೆಯಲಾರದೆ ಕೇಳಿದೆ.

“ಯಾಕಬೇ, ಕಿವಿ ಕೇಳಂಗಿಲ್ಲೇನು ನಿನಗ?”

ಹಿಂದಿನ ಬೆಂಚಿನ ಹುಡುಗ ಅವಳ ಪರವಾಗಿ ಹೇಳಿದ: “ಆಕಿ ಮೂರು ಸಲ ಕರದ್ರ ಮಾತ್ರ ಓ ಅಂತಾಳ್ರೀ ಮೇಡಂ.”

ಯಾರೂ ನಗಲಿಲ್ಲ. ನಾನೊಬ್ಬಳೇ ನಕ್ಕೆ. ಒಂದೇ ಕೂಗಿಗೆ ಓಗೊಡಬಾರದು ಎಂಬ ಮಾತು ನಮ್ಮ ಮನೆಯ ಹಿರಿಯರ ಬಾಯಲ್ಲೂ ಇತ್ತು. ಎಂ.ಎ. ತರಗತಿಯವರೆಗೆ ಅದು ಬಸ್ಸು ಹತ್ತಿ ಬಂದೀತು ಎಂದು ಮಾತ್ರ ಅಂದುಕೊಂಡಿರಲಿಲ್ಲ.

ಶಾಸನ ತೋರಿಸಲು ಅವರನ್ನು ಮಸ್ಕಿಗೆ ಕರೆದುಕೊಂಡು ಹೋದೆ. ರಾಜನೊಬ್ಬ ತನ್ನ ಹೆಸರನ್ನೇ ಕೊರೆಸಿದ ಬಂಡೆ ಅದು. ಅದನ್ನು ನೋಡಿ ಬೆಟ್ಟ ಇಳಿದಾಗ ಈ ಹುಡುಗಿ ಕಾಣಲಿಲ್ಲ. ಸೂರ್ಯ ನೆತ್ತಿಯ ಮೇಲಿದ್ದ. ಕಾದ ಬಂಡೆಗಳ ಕಡೆ ತಿರುಗಿ ಅವಳ ಹೆಸರು ಹಿಡಿದು ಕೂಗಿದೆ. ಉತ್ತರವಿಲ್ಲ. ಎಲ್ಲಿ ಕಾಲು ಜಾರಿ ಬಿದ್ದಳೋ ಎಂದು ಹೆದರಿದೆ. ಮತ್ತೆ ಕೂಗಿದೆ, ಮತ್ತೆ ಕೂಗಿದೆ. ಮೂರನೆಯದಕ್ಕೆ “ಓ” ಎಂಬ ದನಿ ತೀರ ಹತ್ತಿರದಿಂದ ಬಂತು. ನನ್ನಿಂದ ನಾಲ್ಕು ಮಾರು ದೂರದ ಬಂಡೆಯ ನೆರಳಲ್ಲೇ ಕೂತಿದ್ದಳು.

“ಮೊದಲ್ನೇದು ಕೇಳಸಲಿಲ್ಲೇನು?”

“ಕೇಳಸ್ತ್ರೀ ಮೇಡಂ. ನೀವು ಕರದ್ರೋ, ನಮ್ಮವ್ವ ಕರದ್ಲೋ ಗೊತ್ತಾಗಲಿಲ್ರೀ.”

ಅವಳ ತಾಯಿ ಕಾಮಾಲೆಯಾಗಿ ತೀರಿಕೊಂಡಿದ್ದು, ಅವಳು ಇನ್ನೂ ಡಿಗ್ರಿ ಓದುವಾಗ. ಬಸ್ಸಿಗೆ ಕಾಯುತ್ತ ಕೂತಲ್ಲಿ ಅವಳೇ ಹೇಳಿದಳು.

“ಹೊಲದಾಗ ಬುತ್ತಿ ಬಿಚ್ಚಿಟ್ಟು ಕರೀತಿದ್ಲಲ್ರೀ, ಹಂಗ ಕರೀತಾಳ. ಮಧ್ಯಾಹ್ನದಾಗ. ಒಂದ ಸಲ. ಸತ್ತೋರು ಒಂದ ಸಲ ಕರೀತಾರಂತ್ರಿ, ಬದುಕಿದ್ದೋರು ಮೂರು ಸಲ. ಒಂದಕ್ಕ ಓ ಅಂದ್ರ ಕರಕೊಂಡು ಹೋಗ್ತಾರ ಅಂತಾಳ ನಮ್ಮಜ್ಜಿ.”

“ನೀ ಏನ್ ಮಾಡ್ತಿ ಆವಾಗ?”

“ಎರಡನೇ ಸಲ ಕರೀತಾಳೇನೋ ಅಂತ ಕಾಯ್ತೀನ್ರೀ.”

ಆಮೇಲಿನಿಂದ ನನ್ನ ಕಣ್ಣಿಗೆ ಒಂದು ಸಂಗತಿ ಬೀಳತೊಡಗಿತು. ಮಧ್ಯಾಹ್ನದ ತರಗತಿಯಲ್ಲಿ ಕೆಲವೊಮ್ಮೆ ಅವಳ ಪೆನ್ನು ನಿಲ್ಲುತ್ತಿತ್ತು. ಮುಖ ಕಿಟಕಿಯ ಕಡೆ ವಾಲುತ್ತಿತ್ತು. ಆಗ ಉಳಿದವರೂ ಬರೆಯುವುದನ್ನು ನಿಲ್ಲಿಸಿ ತಲೆ ತಗ್ಗಿಸುತ್ತಿದ್ದರು, ಪಕ್ಕದ ಮನೆಯವರು ಮಾತಾಡುತ್ತಿರುವಾಗ ಕೇಳಿಸಿಕೊಳ್ಳಬಾರದೆಂದು ಸುಮ್ಮನಿರುವ ಹಾಗೆ. ಅವಳ ಪೆನ್ನು ಮತ್ತೆ ಓಡತೊಡಗಿದ ಮೇಲೆ ಅವರೂ ಬರೆಯುತ್ತಿದ್ದರು. ನನಗೆ ಏನೂ ಕೇಳಿಸುತ್ತಿರಲಿಲ್ಲ. ಆದರೂ ಪಾಠದ ಎಳೆ ತಪ್ಪಿ, ಸೀಮೆಸುಣ್ಣ ಹಿಡಿದು ನಿಂತುಬಿಡುತ್ತಿದ್ದೆ.

ಎಂ.ಎ. ಮುಗಿಯುವ ಹೊತ್ತಿಗೆ ದೂರದ ದೊಡ್ಡ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಅರ್ಜಿ ಹಾಕಿಸಿದೆ. ಮಸ್ಕಿ ಸುತ್ತಲಿನ ಹಳೆಯ ಕಾಲದ ಸಮಾಧಿಗಳ ಮೇಲೆ ಅವಳು ಕೆಲಸ ಮಾಡಬೇಕೆಂದಿದ್ದಳು. ಬರಹದ ಪರೀಕ್ಷೆ ಪಾಸಾದಳು, ಸಂದರ್ಶನಕ್ಕೆ ಕರೆ ಬಂತು. ನಮ್ಮ ಕೇಂದ್ರದಿಂದ ಅಲ್ಲಿಯವರೆಗೆ ಯಾರೂ ಹೋಗಿರಲಿಲ್ಲ. ಸೀಟು ಸಿಗದಿದ್ದರೆ ಮದುವೆ ಎಂದು ಅವಳಪ್ಪ ಮಾತು ಮುಗಿಸಿಬಿಟ್ಟಿದ್ದ. ನೋಡಿದ ವರನೂ ಇದ್ದ.

ಸಂದರ್ಶನ ಆನ್‌ಲೈನಿನಲ್ಲಿತ್ತು. ಅವಳ ಮನೆಯಲ್ಲಿ ನೆಟ್‌ವರ್ಕ್ ನಿಲ್ಲದು, ಅದಕ್ಕೆ ವಿಭಾಗದ ಕಂಪ್ಯೂಟರಿನ ಮುಂದೆ ಕೂರಿಸಿದೆ. ಬೇರೆ ಯಾರೂ ಕೋಣೆಯಲ್ಲಿ ಇರಬಾರದೆಂಬ ನಿಯಮ, ನಾನು ಬಾಗಿಲ ಹೊರಗೆ ನಿಂತೆ. ಬೆಳಿಗ್ಗೆಯೇ ಬುದ್ಧಿ ಹೇಳಿದ್ದೆ: “ಇವತ್ತೊಂದಿನ ಮೊದಲ್ನೇ ಸಲಕ್ಕ ಓ ಅನ್ನವ್ವ. ಕೈ ಮುಗೀತೀನಿ.” ಅವಳು ತಲೆಯಾಡಿಸಿದ್ದಳು. ಹತ್ತು ಗಂಟೆಗೆ ಅಂದವರು ತಡಮಾಡುತ್ತ ಮಾಡುತ್ತ ಮಧ್ಯಾಹ್ನಕ್ಕೆ ತಂದರು. ಕಾಲುವೆಗೆ ನೀರು ಬಂದ್ ಆಗಿದ್ದ ದಿನಗಳು. ಹೊರಗೆ ಒಂದು ಹಕ್ಕಿಯ ಸದ್ದೂ ಇರಲಿಲ್ಲ.

ಅವಳಿಗಿಂತ ಮುಂಚೆ ಯಾರೋ ಹುಡುಗನ ಹೆಸರು ಕರೆದರು. ಅವನ ಕಡೆಯಿಂದ ದನಿ ಬರಲಿಲ್ಲ. “ಮುಂದಿನವರು” ಅಂದರು, ಅಷ್ಟೇ. ಆಮೇಲೆ ಸ್ಪೀಕರಿನಿಂದ ವಯಸ್ಸಾದ ಹೆಂಗಸಿನ ದನಿಯೊಂದು ಅವಳ ಹೆಸರು ಕರೆಯಿತು, ಒಂದು ಸಲ.

ಅವಳು ಸುಮ್ಮನೆ ಕೂತಳು. ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಕತ್ತು ಒಂದಿಷ್ಟು ವಾಲಿತ್ತು, ತರಗತಿಯಲ್ಲಿ ವಾಲುವಂತೆಯೇ. ಕೈಗೆ ಬಂದ ತುತ್ತು ಬಾಯಿಗೆ ಬರದಂತಾಯಿತು ಅಂದುಕೊಂಡೆ. ನಿಯಮ ಹಾಳಾಗಿ ಹೋಗಲಿ, ಉಳಿದ ಎರಡು ಸಲ ನಾನೇ ಕರೆಯುತ್ತೇನೆ ಎಂದು ನಿಶ್ಚಯಿಸಿ ಹೊಸ್ತಿಲಲ್ಲಿ ನಿಂತು ಅವಳ ಹೆಸರು ಕರೆದೆ. ಇನ್ನೊಂದು ಸಲ ಕರೆಯಲು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅವಳು “ಓ” ಅಂದಳು. ಅಂದವಳೇ ಸಾವರಿಸಿಕೊಂಡು, “ಹಾಜರಿದ್ದೀನಿ ಮೇಡಂ, ನಮಸ್ಕಾರ” ಎಂದು ಪರದೆಗೆ ಕೈ ಮುಗಿದಳು. ಮುಂದಿನ ಪ್ರಶ್ನೆಗಳಿಗೆಲ್ಲ ಎಲ್ಲೂ ತಡವರಿಸದೆ ಉತ್ತರ ಕೊಟ್ಟಳು.

ಮುಗಿಸಿ ಹೊರಗೆ ಬಂದಾಗ ಅವಳ ಬೆನ್ನು ತಟ್ಟಿದೆ.

“ಶಾಣ್ಯಾಕಿ. ಮೂರನೇದಕ್ಕ ಕಾಯಲಿಲ್ಲಲ್ಲ.”

“ಕಾದ್ನಲ್ರೀ ಮೇಡಂ. ಮೂರಾದ್ವಲ್ಲ.”

“ಎಲ್ಲಿ ಮೂರು? ಅವರು ಒಂದು, ನಾ ಒಂದು.”

ಅವಳು ನನ್ನ ಮುಖ ನೋಡಲಿಲ್ಲ. ನನ್ನ ಭುಜದಾಚೆ, ಖಾಲಿ ಪಡಸಾಲೆಯ ಕಡೆ ನೋಡಿದಳು.

“ನಡುವ ಒಂದು, ನಿಮ್ಮ ಹಿಂದ ನಿಂತು ಕರದ್ಲಲ್ರೀ.”

ನಾನು ಹಿಂದೆ ತಿರುಗಲಿಲ್ಲ. ಧೈರ್ಯ ಆಗಲಿಲ್ಲ, ನಿಜ ಹೇಳುತ್ತೇನೆ. ಅವಳ ಕೈ ಹಿಡಿದುಕೊಂಡು ಮೆಟ್ಟಿಲಿಳಿದು ರಸ್ತೆಯ ಚಹದಂಗಡಿ ಮುಟ್ಟುವವರೆಗೆ ಬಿಡಲಿಲ್ಲ. ಅಲ್ಲಿ ಕೂತ ಮೇಲೆ ಅವಳು ಕೇಳಿದಳು: “ನಾ ಓ ಅಂದಿದ್ದು ನಮ್ಮವ್ವ ಕರದಿದ್ದಕ್ಕೂ ಆತೇನ್ರೀ?” ಚಹ ಕುಡಿ ಅಂದೆ.

ಸೀಟು ಸಿಕ್ಕಿತು. ಮದುವೆಯ ಮಾತು ನಿಂತಿತು, ಅಪ್ಪನೇ ಟ್ರಂಕು ಹೊತ್ತು ಹಾಸ್ಟೆಲಿಗೆ ಬಿಟ್ಟುಬಂದ. ಇಷ್ಟೆಲ್ಲ ಆದರೂ ಎಷ್ಟೋ ದಿನ ನನಗೆ ನೆಮ್ಮದಿ ಇರಲಿಲ್ಲ. ಓ ಅಂದರೆ ಕರೆದುಕೊಂಡು ಹೋಗುತ್ತಾರೆ ಎಂಬ ಅವಳಜ್ಜಿಯ ಮಾತು ಹುಳದಂತೆ ಕೊರೆಯುತ್ತಿತ್ತು. ಮಧ್ಯಾಹ್ನ ಫೋನ್ ಹಚ್ಚಿ, ಅವಳು ಎತ್ತುವವರೆಗೆ ನಿಂತೇ ಇರುತ್ತಿದ್ದೆ. ಅವಳು ಆರಾಮಾಗಿಯೇ ಇರುತ್ತಿದ್ದಳು. ಒಮ್ಮೆ ನಾನೇ ಬಾಯಿಬಿಟ್ಟು ಕೇಳಿದೆ.

“ಅವ್ವ ಅಲ್ಲಿಗೂ ಬರ್ತಾಳೇನು?”



“ಇಲ್ರೀ ಮೇಡಂ. ಅವತ್ತಿನಿಂದ ಕರದೇ ಇಲ್ಲ. ದಿನಾ ಮಧ್ಯಾಹ್ನ ಕಿಟಕಿ ತೆರದು ಕುಂದರ್ತೀನಿ. ಬರೇ ಓ ಅನಸ್ಕೊಳ್ಳಾಕ ಕರೀತಿದ್ಲೇನೋ ರೀ. ನಾ ಇಷ್ಟು ವರ್ಷ ಸುಮ್ಮಕಿದ್ದೆ.”

ಅಷ್ಟು ಹೇಳಿ ಅತ್ತಳು. ನಾನು ಫೋನ್ ಇಡಲಿಲ್ಲ.