ಅಳತೆ ಪುಸ್ತಕ ಮತ್ತು ವಸೂಲಿಯವನು

ಹಲಸೂರು ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಅಮ್ಮನದೊಂದು ಹೆಂಗಸರ ಟೈಲರಿಂಗ್ ಅಂಗಡಿ. ಮುಂದೆ ಕೌಂಟರ್, ಪಕ್ಕದಲ್ಲಿ ಒಂದು ಸ್ಟೂಲು, ಅಳತೆ ಕೊಡುವವರಿಗೆ ಮೂಲೆಯಲ್ಲಿ ಪರದೆ. ಹಿಂಭಾಗದಲ್ಲಿ ನನ್ನ ಎಂಬ್ರಾಯ್ಡರಿ ಮೆಷಿನ್. ನನ್ನದು ಅನ್ನುತ್ತೇನೆ, ಆದರೆ ಅದರ ಸಾಲ ಅಮ್ಮನ ಹೆಸರಿನಲ್ಲಿದೆ. ಆ ಕೆಲಸವನ್ನು ನನಗೆ ಯಾರೂ ಕಲಿಸಲಿಲ್ಲ, ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿಯೇ ಕಲಿತೆ. ಕಲಿತ ಹುಮ್ಮಸ್ಸಿನಲ್ಲಿ ಅಮ್ಮನ ತಲೆ ತಿಂದು ಫೈನಾನ್ಸ್ ಕಂಪನಿಯ ಅರ್ಜಿಗೆ ಸಹಿ ಹಾಕಿಸಿದವನೂ ನಾನೇ.

ಮದುವೆ ಸೀಸನ್ ಇರುವವರೆಗೆ ಕಂತು ಸಲೀಸಾಗಿ ಹೋಯಿತು. ಆಮೇಲೆ ಪೈಪ್ ಹಾಕುವುದಕ್ಕೆ ಗಲ್ಲಿಯನ್ನು ಅಗೆದರು. ಮುಚ್ಚುವಷ್ಟರಲ್ಲಿ ಬೇಸಿಗೆ ಮುಗಿದಿತ್ತು. ಬ್ಲೌಸ್ ಹೊಲಿಸಲು ಸೀರೆ ಎತ್ತಿ ಹಿಡಿದು ಹಲಗೆಯ ಮೇಲೆ ನಡೆದು ಬರುವವರು ಎಷ್ಟು ಜನ ಇರುತ್ತಾರೆ? ಎರಡು ಕಂತು ತಪ್ಪಿದವು.

ಮೊದಲು ಫೋನ್ ಶುರುವಾಯಿತು. ಬೆಳಿಗ್ಗೆ ಆರೂವರೆಗೆ, ಅಮ್ಮ ಅಕ್ಕಿ ತೊಳೆಯುವ ಹೊತ್ತಿಗೆ, ಬರೀ ಬೈಗುಳ. ನಾನು ಮತ್ತೆ ವಿಡಿಯೊಗಳ ಮುಂದೆ ಕೂತೆ. ಎರಡು ದಿನದಲ್ಲಿ ಪಾಠ ಒಪ್ಪಿಸುವಷ್ಟು ಕಲಿತೆ: ವಸೂಲಿಯವರು ಎಂಟಕ್ಕೆ ಮುಂಚೆ, ಸಂಜೆ ಏಳರ ಮೇಲೆ ಫೋನ್ ಮಾಡುವಂತಿಲ್ಲ, ಬರುವಾಗ ಗುರುತಿನ ಚೀಟಿ, ಕಂಪನಿಯ ಪತ್ರ ತರಬೇಕು, ಬೈಯುವಂತಿಲ್ಲ, ಸಾಲದ ವಿಷಯವನ್ನು ಮೂರನೆಯವರ ಹತ್ತಿರ ಆಡುವಂತಿಲ್ಲ. ಮುಂದಿನ ಫೋನಿಗೆ ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಫೋನು ನಿಂತಿತು. ನಾನು ಗೆದ್ದೆ ಅಂದುಕೊಂಡೆ.

ಸೋಮವಾರ ವಸೂಲಿಯವನೊಬ್ಬ ಅಂಗಡಿಗೇ ಬಂದ. ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಶರ್ಟು.

"ಐಡಿ ಕಾರ್ಡ್ ತೋರ್ಸಿ" ಅಂದೆ.

ತೋರಿಸಿದ.

"ಲೆಟರ್?"

ಅದೂ ಇತ್ತು. "ಟೈಮೂ ನೋಡ್ಕೋ ಗುರು. ಹತ್ತೂ ಹತ್ತು. ಇನ್ನೇನಾದ್ರೂ ಇದ್ಯಾ ಸಿಲಬಸ್‌ನಲ್ಲಿ?"

ಇರಲಿಲ್ಲ. ಅವನು ಸ್ಟೂಲು ಎಳೆದುಕೊಂಡು ಪರದೆಯ ಪಕ್ಕದಲ್ಲೇ ಕೂತ. ಬೈಯಲಿಲ್ಲ, ಕೂಗಲಿಲ್ಲ. ಮೆಟ್ಟಿಲು ಹತ್ತಿದ ಹೆಂಗಸರು ಒಳಗೊಬ್ಬ ಗಂಡಸು ಕೂತಿದ್ದನ್ನು ನೋಡಿ "ಆಮೇಲ್ ಬರ್ತೀನಕ್ಕಾ" ಅಂದು ಇಳಿದು ಹೋದರು.

"ಹೆಂಗಸ್ರು ಬರೋ ಜಾಗ ಕಣಪ್ಪಾ. ಸ್ವಲ್ಪ ಹೊರಗಡೆ ನಿಂತ್ಕೊಳ್ಳಿ" ಅಂದಳು ಅಮ್ಮ.

"ಹೊರಗಡೆ ಬಿಸಿಲಮ್ಮಾ. ನಾನೇನ್ ತೊಂದ್ರೆ ಕೊಟ್ಟೆ? ಸುಮ್ನೆ ಕೂತಿದೀನಿ."

ಮಂಗಳವಾರವೂ ಕೂತ, ಬುಧವಾರವೂ ಕೂತ. ಅಮ್ಮ ತಲೆ ತಗ್ಗಿಸಿಕೊಂಡು ಹೊಲಿಯುತ್ತಿದ್ದಳು. ಹನ್ನೊಂದಕ್ಕೆ ನಮಗೆ ಟೀ ತರಿಸುವಾಗ ಅವನಿಗೂ ಒಂದು ತರಿಸುತ್ತಿದ್ದಳು.

ಗುರುವಾರ ಅಮ್ಮ ಲೈನಿಂಗ್ ಬಟ್ಟೆ ತರಲು ಶಿವಾಜಿನಗರಕ್ಕೆ ಹೋಗಿದ್ದಳು. ಅವನು ಬಹಳ ಸ್ನೇಹದಿಂದ ಮಾತು ತೆಗೆದ.

"ಬಿಸಿನೆಸ್ಸೇ ಇಲ್ವಲ್ಲ ಗುರು. ಮೂರು ದಿನದಿಂದ ನೋಡ್ತಿದೀನಿ, ಒಂದು ನೊಣಾನೂ ಬಂದಿಲ್ಲ. ಮೆಷಿನ್ ವಾಪಸ್ ಕೊಟ್ಬಿಡಿ, ನಿಮಗೂ ನೆಮ್ಮದಿ."

ನನಗೆ ಉರಿದುಹೋಯಿತು. "ನೀವು ಕೂತಿರೋದ್ರಿಂದ ಬಂದಿಲ್ಲ. ಕಸ್ಟಮರ್ಸ್ ಎಷ್ಟಿದಾರೆ ತೋರಿಸ್ಲಾ?" ಅಂದು ಡ್ರಾಯರಿನಿಂದ ಅಳತೆ ಪುಸ್ತಕ ತೆಗೆದು ಅವನ ಕೈಗೇ ಕೊಟ್ಟೆ. "ನೋಡಿ. ಕುಕ್ ಟೌನ್, ಬಾಣಸವಾಡಿ, ಇಂದಿರಾನಗರ. ಎಲ್ಲಾ ಕಡೆಯಿಂದ ಬರ್ತಾರೆ."

ಇಷ್ಟು ಗಿರಾಕಿಗಳನ್ನು ಕಂಡರೆ ಕಂಪನಿಗೆ ಹೇಳಿ ಟೈಮ್ ಕೊಡಿಸುತ್ತಾನೆ ಎಂಬುದು ನನ್ನ ಲೆಕ್ಕಾಚಾರ.

ಆ ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ. ಮೇಲೆ ಹೆಸರು, ಏರಿಯಾ, ಫೋನ್ ನಂಬರ್. ಕೆಳಗೆ ಎದೆ, ಸೊಂಟ, ತೋಳು, ಕತ್ತಿನ ಅಳತೆ. ಅಮ್ಮ ಅದನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ನಾದಿನಿಗೆ ಬ್ಲೌಸ್ ಉಡುಗೊರೆ ಕೊಡಬೇಕು, ಅಳತೆ ಹೇಳಿ ಅಂತ ಯಾರಾದರೂ ಕೇಳಿದರೆ "ಅವರನ್ನೇ ಕರ್ಕೊಂಡ್ ಬನ್ನಿ" ಅನ್ನುತ್ತಿದ್ದಳು.

ಅವನು ಕುಡಿಯಲು ನೀರು ಕೇಳಿದ. ಒಳಗೆ ಹೋಗಿ ತಂದೆ. ಬರುವಾಗ ಮೊಬೈಲನ್ನು ಜೇಬಿಗೆ ಇಳಿಸುತ್ತಿದ್ದ. ಯಾವುದೋ ಕರೆ ಬಂದಿರಬೇಕು ಅಂದುಕೊಂಡು ಪುಸ್ತಕವನ್ನು ಡ್ರಾಯರಿಗೆ ಹಾಕಿದೆ.

ಶುಕ್ರವಾರ ಅವನು ಬರಲಿಲ್ಲ. ಬಂದವರು ಕುಕ್ ಟೌನಿನ ಟೀಚರಮ್ಮ. ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು, ನಾನು ಹುಟ್ಟುವ ಮುಂಚಿನಿಂದ ಅಮ್ಮನ ಹತ್ತಿರ ಹೊಲಿಸುವವರು.

"ಯಾರೋ ಫೋನ್ ಮಾಡ್ದ" ಅಂದರು. "ನಿಮ್ ಟೈಲರ್ ಸಾಲ ಎತ್ಕೊಂಡು ಕಟ್ತಿಲ್ಲ, ಬುದ್ಧಿ ಹೇಳಿ ಅಂದ. ಸಾಲ ಎಲ್ಲರಿಗೂ ಇರುತ್ತೆ, ಅದಿರ್ಲಿ. ನನ್ ನಂಬರ್ ಅವನಿಗೆ ಹೇಗ್ ಸಿಕ್ತಮ್ಮಾ?"

ಅಮ್ಮನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಾಗಿತ್ತು. ಪುಸ್ತಕ ಕೊಟ್ಟದ್ದು, ನೀರಿಗೆ ಹೋದದ್ದು, ಎಲ್ಲವನ್ನೂ ಹೇಳಿದೆ.

"ಬರೀ ನಂಬರಾ, ಪುಟ ಪೂರ್ತಿನಾ?" ಅಮ್ಮ ಕೇಳಿದಳು.

"ಪೂರ್ತಿನೇ ಫೋಟೋ ತೆಗ್ದಿರ್ತಾನೆ ಅಮ್ಮಾ."

ಅಮ್ಮ ಕತ್ತರಿ ಕೆಳಗಿಟ್ಟಳು. ಅಲ್ಲಿಯವರೆಗೆ ಆ ವಸೂಲಿಯವನ ವಿಷಯದಲ್ಲಿ ಅವಳು ಒಂದು ಗಟ್ಟಿ ಮಾತೂ ಆಡಿರಲಿಲ್ಲ.

"ಕಂತು ಕಟ್ಟಿಲ್ಲ, ನನ್ ತಪ್ಪು. ಬೈಸ್ಕೋತೀನಿ. ನನ್ ನಂಬಿ ಬಂದೋರ ಮೈ ಅಳತೆ ಅವನ ಫೋನಲ್ಲಿ ಯಾಕಿರ್ಬೇಕು?"

ನನ್ನನ್ನು ಬೈಯಲಿಲ್ಲ. ಶಟರ್ ಅರ್ಧ ಇಳಿಸಿ, ಪುಸ್ತಕ ತೆರೆದು, ಮೊದಲ ಪುಟದಿಂದ ಫೋನ್ ಮಾಡಲು ಕೂತಳು. ತಮಿಳಿನವರಿಗೆ ತಮಿಳಿನಲ್ಲಿ, ಉರ್ದುವಿನವರಿಗೆ ಉರ್ದುವಿನಲ್ಲಿ, ಮಾತು ಮಾತ್ರ ಒಂದೇ: ಸಾಲ ಇದೆ, ಎರಡು ಕಂತು ನಿಂತಿದೆ, ನಿಮ್ಮ ನಂಬರ್ ಮತ್ತು ಅಳತೆ ನಮ್ಮ ಅಂಗಡಿಯಿಂದ ಹೊರಗೆ ಹೋಗಿದೆ, ತಪ್ಪು ನಮ್ಮದು, ಫೋನ್ ಬಂದರೆ ಉತ್ತರ ಕೊಡಬೇಡಿ. ಅವಳು ನನ್ನ ಹೆಸರು ಹೇಳಲಿಲ್ಲ. ನಾನು ಅಲ್ಲೇ ನಿಂತು ಪ್ರತಿ ಸಲವೂ ಕೇಳಿಸಿಕೊಂಡೆ.

ಒಬ್ಬರು ನಕ್ಕರು. "ಬಿಡಕ್ಕಾ, ನನ್ ಸೊಂಟದ ಅಳತೆ ನೋಡಿ ಅವನೇ ಹೆದರ್ಕೊಂಡಿರ್ತಾನೆ." ಬಾಣಸವಾಡಿಯವರೊಬ್ಬರು ಪೂರ್ತಿ ಕೇಳಿಸಿಕೊಂಡು ಫೋನ್ ಇಟ್ಟುಬಿಟ್ಟರು. ಆರು ಜನರಿಗೆ ಆಗಲೇ ಅವನ ಫೋನ್ ಹೋಗಿತ್ತು. ಅವರೆಲ್ಲ ಸಮಯ, ನಂಬರು ಬರೆದು ಕಳಿಸಿದರು.

ದೂರನ್ನು ನಾನು ಬರೆದೆ. ಕಲಿತಿದ್ದ ಕಾನೂನನ್ನೆಲ್ಲ ಮೂರು ಹಾಳೆಗೆ ತುಂಬಿಸಿದ್ದೆ. ಟೀಚರಮ್ಮ ಓದಿ ಎರಡು ಹಾಳೆ ಹೊಡೆದುಹಾಕಿದರು.

"ಏನೋ ಇದು, ಭಾಷಣ? ಯಾವತ್ತು, ಎಷ್ಟ್ ಗಂಟೆಗೆ, ಯಾರಿಗೆ, ಏನಂದ. ಅಷ್ಟ್ ಬರಿ."

ಸೋಮವಾರ ಇಂದಿರಾನಗರದ ಶಾಖೆಗೆ ಹೋದೆವು. ಮ್ಯಾನೇಜರ್ ಓದಿ, "ವಸೂಲಿ ಏಜೆನ್ಸಿಯವರು ಬೇರೆ ಮೇಡಂ. ಅವರಿಗೂ ನಮಗೂ ಸಂಬಂಧ ಇಲ್ಲ" ಅಂದರು. ಏಜೆಂಟನ ತಪ್ಪಿಗೆ ಕಂಪನಿಯೇ ಹೊಣೆ ಎಂಬ ನಿಯಮ ನನ್ನ ಬಾಯಿಯ ತುದಿಯಲ್ಲಿತ್ತು. ಅಷ್ಟರಲ್ಲಿ ಅಮ್ಮ ಕೇಳಿದಳು:

"ಅವನನ್ನ ನಮ್ಮಂಗಡಿಗೆ ಕಳ್ಸಿದ್ಯಾರು?"

"ನಾವೇ."

"ಹಾಗಿದ್ರೆ ಸೀಲ್ ಹಾಕಿ ಒಂದು ಕಾಪಿ ಕೊಡಿ. ಕಂತು ಕಟ್ತೀನಿ, ಓಡೋಗಲ್ಲ. ಫೋಟೋ ಅಳಿಸ್ಬೇಕು. ಇಲ್ದಿದ್ರೆ ಇದನ್ನ ಮೇಲಕ್ಕೆ ಕಳಿಸ್ತೀವಿ, ಸ್ಟೇಷನ್‌ಗೂ ಕೊಡ್ತೀವಿ."

ಸೀಲ್ ಬಿತ್ತು. ಆ ವಾರವೇ ಕಂಪನಿಯ ಒಬ್ಬ ಅಧಿಕಾರಿ ವಸೂಲಿಯವನನ್ನು ಅಂಗಡಿಗೆ ಕರೆತಂದ. ವಸೂಲಿಯವನು ಅಮ್ಮನ ಕಣ್ಣೆದುರಿಗೇ ಫೋಟೋಗಳನ್ನು ಅಳಿಸಿದ.

"ಟ್ರ್ಯಾಷ್‌ನಲ್ಲೂ ತೆಗೀರಿ" ಅಂದೆ.

"ನೀನ್ ಬಿಡಲ್ಲ ಬಿಡು" ಅಂದು ಅಲ್ಲಿಂದಲೂ ತೆಗೆದ.

ಬೇರೆಲ್ಲಾದರೂ ಉಳಿದಿದೆಯೋ ಇಲ್ಲವೋ ನಮಗೆ ತಿಳಿಯುವ ದಾರಿಯಿಲ್ಲ. ಅಮ್ಮ ಅದನ್ನೂ ಗಿರಾಕಿಗಳಿಗೆ ಹಾಗೆಯೇ ಹೇಳಿದಳು. ತಪ್ಪಿದ ಕಂತುಗಳನ್ನು ಕಂಪನಿಯವರು ಸಾಲದ ಅವಧಿಯ ಕೊನೆಗೆ ಸೇರಿಸಿಕೊಟ್ಟರು, ಸಾಲವನ್ನು ಈಗಲೂ ಕಟ್ಟುತ್ತಿದ್ದೇವೆ. ಬಹಳ ಜನ ಮರಳಿ ಬಂದರು. ಕೆಲವರು ಬರಲಿಲ್ಲ.

ಬಾಣಸವಾಡಿಯ ಆ ಹೆಂಗಸನ್ನು ಮೊನ್ನೆ ಮೆಟ್ರೊ ನಿಲ್ದಾಣದ ಮೆಟ್ಟಿಲ ಹತ್ತಿರ ನೋಡಿದೆ. ಬೇರೆ ಯಾರೋ ಹೊಲಿದ ಬ್ಲೌಸು, ತೋಳು ಎಳೆದು ಹಿಡಿದಿತ್ತು. ನನ್ನನ್ನು ಕಂಡವರೇ ಸೆರಗನ್ನು ಭುಜದ ತುಂಬ ಹೊದ್ದುಕೊಂಡು ಬೇಗ ಬೇಗ ಇಳಿದು ಹೋದರು.

ಅಂಗಡಿಗೆ ಬಂದು ಅಮ್ಮನಿಗೆ ಹೇಳಿದೆ. ಬ್ಲೌಸಿನ ವಿಷಯವನ್ನೂ ಹೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ನನಗ್ ಹೇಳ್ದೆಯಲ್ಲ, ಸಾಕು. ಅವರ ಬ್ಲೌಸಿನ ಮಾತು ಇನ್ಯಾರಿಗೂ ಹೇಳ್ಬೇಡ" ಅಂದಳು.