ಮೇನ್ ಸ್ವಿಚ್ಚಿನ ಮೇಲೊಂದು ಕೈ

ಹೊಸಪೇಟೆಯಲ್ಲಿ ಎಂ.ಎಸ್ಸಿ. ಓದುವಾಗ ನಮಗೆ ಕಂಪ್ಯೂಟರ್ ಕಲಿಸಿದ ಸರ್, ಪಾಠದ ನಡುವೆ ಹೇಳದೆ ಕೇಳದೆ ಲ್ಯಾಬಿನ ಮೇನ್ ಸ್ವಿಚ್ ಇಳಿಸಿಬಿಡುತ್ತಿದ್ದರು. ಆಮೇಲೆ ಒಂದೇ ಪ್ರಶ್ನೆ: "ಸೇವ್ ಮಾಡೀರೇನು?" ಅದಿರಿನ ಲಾರಿಗಳ ಕೆಂಧೂಳಿಗೆ ಹೆದರಿ ಕಿಟಕಿ ಮುಚ್ಚಿದ್ದ ಆ ಕೋಣೆಯಲ್ಲಿ ನಾವು ಅವರನ್ನು ಮನಸಾರೆ ಬೈದುಕೊಂಡಿದ್ದೇವೆ.

ಪ್ರಾಜೆಕ್ಟ್ ಒಪ್ಪಿಸುವ ದಿನ ಸಂಡೂರಿನ ಗೆಳತಿಯೊಬ್ಬಳು ಮೈಮರೆತು ಪ್ರೋಗ್ರಾಂ ಬರೆಯುತ್ತಿದ್ದಳು. ಸರ್ ಕೈ ಸ್ವಿಚ್ಚಿಗೆ ಹೋಯಿತು. ಅವಳ ಮುಖ ನೋಡಿ ಕೈ ಹಿಂದಕ್ಕೆ ತೆಗೆದರು.

"ಇವತ್ತ ಬ್ಯಾಡ. ನೀ ಬರಿಯವ್ವ."

ಅಷ್ಟರಲ್ಲಿ ಊರಿನ ಕರೆಂಟೇ ಹೋಯಿತು. ಪರದೆಗಳೆಲ್ಲ ಕಪ್ಪಾದವು. ಸರ್ ಎಂದಿನ ಪ್ರಶ್ನೆ ಬಿಟ್ಟು, ತಡಕಾಡುತ್ತ ಅವಳ ಮೇಜಿನತ್ತ ಬಂದರು.

"ಸೇವ್ ಮಾಡೀನ್ರಿ ಸರ್," ಎಂದಳು ಅವಳೇ.

ಸರ್ ಸ್ಟೂಲಿನ ಮೇಲೆ ಕುಸಿದು, ಏನೂ ಕಾಣದ ಆ ಕತ್ತಲಲ್ಲಿ ಕನ್ನಡಕ ಒರೆಸುತ್ತ ಕೂತರು.