ಹಾರಿದವನು ಎಲ್ಲಿ ಏಳುತ್ತಾನೆ

ಸಿನಿಮಾದಲ್ಲಿ ನಾಯಕ ಸೇತುವೆ ಮೇಲಿಂದ ನೀರಿಗೆ ಹಾರಿದರೆ ನಾನು ಈಗಲೂ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ಹೆಂಡತಿ ನಗುತ್ತಾಳೆ. ಮಸ್ಕಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ನನ್ನ ಗೆಳೆಯನ ಸಂಗತಿ ಅವಳಿಗೆ ಗೊತ್ತು. ಗೊತ್ತಿದ್ದೂ ನಗುತ್ತಾಳೆ.

ಆಗ ನಮ್ಮ ಸೀಮೆಗೆ ಕಾಲುವೆ ಬಂದು ಕೆಲವು ವರ್ಷಗಳಾಗಿದ್ದವು. ನೀರಿನ ಹಿಂದೆ ಭತ್ತ ಬಂತು, ಭತ್ತದ ಹಿಂದೆ ಆಂಧ್ರದ ರೈತರು ಬಂದರು, ಅವರ ಹಿಂದೆಯೇ ಸಿಂಧನೂರಿಗೆ ಟೂರಿಂಗ್ ಟಾಕೀಸ್ ಬಂತು. ಗುಲಬರ್ಗಾದಲ್ಲಿ ಬಿ.ಎ. ಮುಗಿಸಿದ ನಾನು ನೌಕರಿಗೆ ಅರ್ಜಿ ಹಾಕಿ ಮಸ್ಕಿಯಲ್ಲಿ ಕುಳಿತಿದ್ದೆ. ಖಾಲಿ ಕೂತ ಪದವೀಧರನಿಗೆ ಊರು ಒಂದು ಕೆಲಸ ಕೊಟ್ಟಿತ್ತು. ಹೊಸ ಪಿಕ್ಚರ್ ನೋಡಿ ಬಂದು, ಅದರಲ್ಲಿ ಆಗಿದ್ದು ಖರೆಯೋ ಸುಳ್ಳೋ ಎಂದು ಚಹಾದ ಹೋಟೆಲಿನಲ್ಲಿ ತೀರ್ಪು ಹೇಳಬೇಕು. ಚೆನ್ನಾಗಿದೆಯೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ, ಅದು ಅವರಿಗೇ ತಿಳಿಯುತ್ತಿತ್ತು.

ಆ ಚಳಿಗಾಲದಲ್ಲಿ ಒಂದರ ಹಿಂದೊಂದು ಎರಡು ಪಿಕ್ಚರ್ ಬಂದವು. ಮೊದಲನೆಯದು ಚಂದ್ರಲೋಕದ್ದು. ರಾಕೆಟ್ಟು ಹಿಟ್ಟಿನ ಗಿರಣಿಯ ತಗಡಿನ ಕೊಳವೆಯಂತಿತ್ತು. ಚಂದ್ರನ ಮೇಲಿನವರು ಚಮಕಿ ಅಂಗಿ ತೊಟ್ಟು ಸೊಗಸಾದ ಉರ್ದು ಮಾತಾಡುತ್ತಿದ್ದರು.

"ಅಲ್ಲೀತನಾ ನಿಜಾಮಶಾಹಿ ಇತ್ತೇನ್ರೀ?" ಎಂದು ಹೋಟೆಲಿನವನು ಕೇಳಿದ.

ಅಲ್ಲಿ ಗಾಳಿಯೇ ಇಲ್ಲ, ಹಾಗಿದ್ದೂ ನಾಯಕಿಯ ಸೆರಗು ಹಾರಿತು, ಆದ್ದರಿಂದ ಪಿಕ್ಚರ್ ಸುಳ್ಳು ಎಂದೆ.

"ಸೆರಗ ಹಾರಲಿಲ್ಲಂದ್ರ ಹಾಡ ಹೆಂಗ ಆಗತೈತಲೇ?" ಎಂದ ಸೈಕಲ್ ಅಂಗಡಿಯ ಗೆಳೆಯ. ಇಡೀ ಹೋಟೆಲು ಬಿ.ಎ.ಯನ್ನು ಬಿಟ್ಟು ಅವನ ಪಕ್ಷ ಸೇರಿತು.

ಎರಡನೆಯದು ಹೊಡೆದಾಟದ್ದು. ಡಕಾಯಿತರು ಬೆನ್ನು ಹತ್ತಿದಾಗ ನಾಯಕ ಸೇತುವೆಯಿಂದ ತುಂಬಿದ ಹೊಳೆಗೆ ಹಾರಿ, ಹಾರಿದಲ್ಲೇ ಮೇಲೆದ್ದು ನಗುತ್ತಾನೆ. ತಲೆಯ ಮೇಲಿನ ಟೋಪಿ ಸಹಿತ ಹಾಗೇ ಇರುತ್ತದೆ. ಟೋಪಿ ಉಳಿಯುವುದು ಸಾಧ್ಯವೇ ಇಲ್ಲ, ಪಿಕ್ಚರ್ ಸುಳ್ಳು ಎಂದೆ. ಉಳಿದದ್ದರಲ್ಲಿ ನನಗೂ ಏನೂ ತಪ್ಪು ಕಾಣಿಸಿರಲಿಲ್ಲ.

ಗೆಳೆಯನಿಗೆ ಸಿಟ್ಟು ಬಂತು. ಊರಿನ ಬಾವಿಗಳಲ್ಲಿ ಅವನಂಥ ಈಜುಗಾರ ಇನ್ನೊಬ್ಬನಿರಲಿಲ್ಲ. ಕಟ್ಟೆಯ ಮೇಲಿಂದ ಹಾರಿ, ತಳ ಮುಟ್ಟಿ, ಮುಷ್ಟಿ ತುಂಬ ಮಣ್ಣು ತಂದು ತೋರಿಸುತ್ತಿದ್ದ. "ಖರೆ ಐತೋ ಸುಳ್ಳ ಐತೋ ಆಯ್ತವಾರ ತೋರಿಸ್ತೀನಿ, ಬಾ" ಎಂದ.

ಭಾನುವಾರ ಅವನ ಅಂಗಡಿಯ ಸೈಕಲ್ಲುಗಳನ್ನೇ ಹತ್ತಿ ನಾವಿಬ್ಬರು ಮತ್ತು ಹೋಟೆಲಿನವನು ಸಿಂಧನೂರಿನ ದಾರಿ ಹಿಡಿದೆವು. ಸಂಜೆ ಅದೇ ಪಿಕ್ಚರನ್ನು ಇನ್ನೊಮ್ಮೆ ನೋಡುವುದೆಂದಿತ್ತು. ಗೊರೇಬಾಳದ ಹತ್ತಿರ ಕಾಲುವೆಯ ಸೇತುವೆ ಬಂತು. ನೀರು ದಡದ ಮಟ್ಟಕ್ಕಿತ್ತು. ಸದ್ದಿಲ್ಲ, ತೆರೆಯಿಲ್ಲ. ಬಾವಿಯನ್ನೇ ಉದ್ದಕ್ಕೆ ಮಲಗಿಸಿದಂತೆ ಇತ್ತು. ಗೆಳೆಯ ಅಂಗಿ ಕಳಚಿ, ಕೆಂಪು ಟವೆಲನ್ನು ತಲೆಗೆ ಬಿಗಿದು ಸುತ್ತಿ, ಸೇತುವೆಯ ಕಟ್ಟೆ ಹತ್ತಿದ. "ಟೋಪಿ" ಎಂದ ನನ್ನ ಕಡೆ ನೋಡಿ.

"ಬ್ಯಾಡೋ ಮಾರಾಯಾ, ಪಿಕ್ಚರ್ ಖರೇನ ಐತಿ ಅಂತೀನಿ, ಇಳಿ ಕೆಳಗ" ಎಂದೆ.

ಹಾರಿಬಿಟ್ಟ.

ನಾವಿಬ್ಬರೂ ಸೇತುವೆಯ ಕಟ್ಟೆಗೆ ಬಾಗಿ, ಅವನು ಬಿದ್ದ ಜಾಗವನ್ನೇ ನೋಡುತ್ತ ನಿಂತೆವು. ಬಾವಿಯ ಊರಿನವರು ನಾವು. ನಮ್ಮ ಪ್ರಕಾರ ಮನುಷ್ಯ ಮುಳುಗಿದಲ್ಲೇ ಏಳಬೇಕು. "ತಳಾ ಮುಟ್ಟಾಕ ಹೋಗ್ಯಾನ್ರೀ, ಮಣ್ಣ ತರತಾನ" ಎಂದು ಹೋಟೆಲಿನವನು ನಕ್ಕ. ನೀರು ಮತ್ತೆ ನುಣ್ಣಗಾಯಿತು. ಅವನ ನಗು ನಿಂತಿತು. ಇಬ್ಬರಲ್ಲಿ ಒಬ್ಬರೂ ಆ ಜಾಗದಿಂದ ಕಣ್ಣು ತೆಗೆಯಲಿಲ್ಲ.

ಎಷ್ಟೋ ಹೊತ್ತಿಗೆ ತಲೆ ಎತ್ತಿದಾಗ, ಅಷ್ಟು ದೂರದಲ್ಲಿ ಒಂದು ಕೆಂಪು ಚುಕ್ಕೆ ಹೋಗುತ್ತಿತ್ತು.

ದಂಡೆಯ ಮೇಲೆ ಓಡಿದೆವು. ಬಾವಿಗೆ ಮೆಟ್ಟಿಲಿರುತ್ತವೆ. ಕಾಲುವೆಗೆ ಇದ್ದದ್ದು ಪಾಚಿ ಹಿಡಿದ ಇಳಿಜಾರು ಕಲ್ಲು. ಅವನು ಕಲ್ಲಿಗೆ ಕೈ ಹಾಕುತ್ತಿದ್ದ, ಕೈ ಜಾರುತ್ತಿತ್ತು, ಮತ್ತೆ ಹಾಕುತ್ತಿದ್ದ. ಬಾಯಿ ತೆರೆಯುವುದು ಕಾಣುತ್ತಿತ್ತು, ದನಿ ಮಾತ್ರ ಕೇಳುತ್ತಿರಲಿಲ್ಲ. ಟಾಕೀಸಿನಲ್ಲಿ ಒಮ್ಮೊಮ್ಮೆ ಸೌಂಡು ಹೋಗಿ ಬರೀ ಚಿತ್ರ ಓಡುತ್ತದಲ್ಲ, ಹಾಗೆ. ಇವತ್ತಿಗೂ ನನ್ನ ಕಣ್ಣ ಮುಂದೆ ಅದು ಹಾಗೇ ಓಡುತ್ತದೆ.

ಮುಂದೆ ದನಗಳಿಗೆ ನೀರು ಕುಡಿಸುವ ಇಳಿದಾರಿಯಲ್ಲಿ ಒಬ್ಬ ಹೆಣ್ಣುಮಗಳು ಎಮ್ಮೆಗಳ ಮೈ ತೊಳೆಯುತ್ತಿದ್ದಳು. ಪ್ರವಾಹ ಅವನನ್ನು ಅಲ್ಲಿಗೆ ತಂದಿತು. ಕೈಗೆ ಸಿಕ್ಕಿದ ಬಾಲವನ್ನು ಹಿಡಿದುಬಿಟ್ಟ. ಬೆದರಿದ ಎಮ್ಮೆ ಅವನನ್ನೂ ಎಳೆದುಕೊಂಡು ದಡಕ್ಕೆ ಓಡಿತು.

"ಯಾವನಲೇ ಅಂವಾ, ನನ್ನ ಎಮ್ಮೀ ಬಾಲ ಜಗ್ಗಾಂವಾ? ಗಬ್ಬ ಐತಿ ಅದು, ಈಯೂ ದಿನ ಬಂದಾವ! ಬಿಡಲೇ ಹುಚ್ಚಪ್ಯಾಲಿ!" ಎಂದು ಕೋಲು ಎತ್ತಿದವಳು, ಕಲ್ಲಿಗೆ ತರಚಿ ರಕ್ತ ಸುರಿಯುವ ಅವನ ಅಂಗೈ ನೋಡಿ ಕೋಲು ಇಳಿಸಿದಳು. "ಅಯ್ಯ ತಮ್ಮಾ, ಹೆಂಗ ಬಿದ್ದಿ?"

"ಬಿದ್ದಿಲ್ಲಬೇ ಯವ್ವಾ. ಹಾರೀನಿ" ಎಂದ, ನೀರು ಕಾರುತ್ತ.

"ಪಿಕ್ಚರದಾಗ ಹಿಂಗ ಇತ್ತವ್ವಾ" ಎಂದು ಹೋಟೆಲಿನವನು ಸಮಜಾಯಿಷಿ ಕೊಟ್ಟ.

"ಪಿಕ್ಚರದಾಗ ನನ್ನ ಎಮ್ಮಿ ಇತ್ತೇನು?"

ಆಕೆ ತನ್ನ ಹಳೇ ಸೀರೆಯ ತುಂಡು ಹರಿದು ಅವನ ಎರಡೂ ಅಂಗೈಗೆ ಕಟ್ಟಿದಳು. ಅವನು ಒದ್ದೆ ತಲೆ ಮುಟ್ಟಿ ನೋಡಿಕೊಂಡ. ಟವೆಲು ಇನ್ನೂ ಇತ್ತು. "ದೋಸ್ತ, ಟೋಪಿ ವಿಷ್ಯಾದಾಗ ನೀ ಸೋತಿ" ಎಂದ. ಆಮೇಲೆ ತಿರುಗಿ, ಕಾಲುವೆಯ ನೀರು ಹರಿದು ಹೋಗುವ ಕಡೆಗೇ ನೋಡುತ್ತ ಕುಳಿತ.

ಮನೆಗೆ ಹೋಗೋಣ ಎಂದರೆ ಕೇಳಲಿಲ್ಲ. ಸಂಜೆ ಟೆಂಟಿನ ನೆಲದ ಮೇಲೆ ಒತ್ತಾಗಿ ಕುಳಿತೆವು. ನಾಯಕ ಸೇತುವೆ ಹತ್ತಿದ. ಜನ ಸಿಳ್ಳೆ ಹಾಕತೊಡಗಿದರು. ಅವನು ಹಾರಿದ, ಹಾರಿದಲ್ಲೇ ಎದ್ದ, ನಕ್ಕ. ಟೆಂಟೆಲ್ಲ ಚಪ್ಪಾಳೆ. ಗೆಳೆಯನ ಬಟ್ಟೆ ಸುತ್ತಿದ ಕೈ ನನ್ನ ಮುಂಗೈಯನ್ನು ಹಿಡಿದುಕೊಂಡಿತು. ಅವನ ಕಡೆ ತಿರುಗಿದೆ. ಅವನು ನಗುವ ನಾಯಕನನ್ನು ನೋಡುತ್ತಿರಲಿಲ್ಲ. ನನ್ನ ಹಾಗೆ ಅವನೂ ನೀರು ಹರಿಯುವ ಕಡೆಗೆ, ಪರದೆ ಮುಗಿದು ಕತ್ತಲೆ ಶುರುವಾಗುವ ಅಂಚಿನಲ್ಲಿ, ಯಾರನ್ನೋ ಹುಡುಕುತ್ತಿದ್ದ.